ಮಾಂಜ್ರಾದ ಮಣ್ಣು ಕಡಲಿಗೆ ಮುಟ್ಟಲಿಲ್ಲ

ಬಗದಲ್‌ದಾಗ ಕೂತು ಕಡಲ ಕೊರೆತದ ಮಾತಾಡಿದರೆ ನಗುವವರಿದ್ದಾರೆ. "ನಮಗೂ ಸಮುದ್ರಕ್ಕೂ ಏನು ಸಂಬಂಧ ಅದರಿ?" ಅಂತ ಕೇಳ್ತಾರೆ. ಸಂಬಂಧ ಅದ. ಮಣ್ಣಿನ ಸಂಬಂಧ.

ಬೀದರ, ಭಾಲ್ಕಿ, ಔರಾದದ ಹೊಲಗಳ ಮಣ್ಣು ಮಳೆಗಾಲದಲ್ಲಿ ಹಳ್ಳ ಹಿಡಿದು ಮಾಂಜ್ರಾಕ್ಕೆ ಬೀಳುತ್ತದೆ. ಮಾಂಜ್ರಾ ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ, ಗೋದಾವರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಂಧ್ರದಲ್ಲಿ ನದಿ ಕಡಲು ಸೇರುವ ಕಡೆಯ ನೆಲವೆಲ್ಲ ಹಿಂಗೆ ಮೇಲಿನಿಂದ ಬಂದ ಮಣ್ಣು ಸಾವಿರಾರು ವರ್ಷ ಕೂಡಿ ಆದದ್ದು. ಅಲೆ ಕೊರೆದಷ್ಟನ್ನು ನದಿ ತಂದು ತುಂಬುತ್ತಿತ್ತು.

ಮಾಂಜ್ರಾಕ್ಕೆ ದೊಡ್ಡ ತಡೆ ಬಿದ್ದದ್ದು ನಿಜಾಮಸಾಗರದಿಂದ. 1923ರಲ್ಲಿ ಶುರುವಾಗಿ 1931ರಲ್ಲಿ ಮುಗಿಯಿತು. ಆಗ ನಮ್ಮ ಅಜ್ಜಂದಿರು ನಿಜಾಮನ ಪ್ರಜೆಗಳು. ಇಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಹೆಸರು ಪುಸ್ತಕದಲ್ಲಿದೆ. ಬುಟ್ಟಿ ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಲವತ್ತು ಚಿಲ್ಲರೆ ವರ್ಷದಲ್ಲಿ ಆ ಸಾಗರದ ಅರ್ಧಕ್ಕಿಂತ ಹೆಚ್ಚು ಹೂಳೇ ತುಂಬಿತು. ಯಾರ ಹೂಳು ಅದು? ನಮ್ಮ ಹೊಲದ್ದೂ ಅದರಾಗ ಅದ. ಮಣ್ಣು ಹೊಲ ಬಿಟ್ಟು ಹೋಗಬಾರದಿತ್ತು ಅನ್ನೋದೂ ಖರೆ. ಆದರೆ ಹೋದದ್ದು ನಮಗೂ ಉಳಿಯಲಿಲ್ಲ, ಕಡಲ ದಂಡೆಯವರಿಗೂ ಮುಟ್ಟಲಿಲ್ಲ. ನಡುವೆ ಕೂತಿತು.

ಆಮೇಲೆ ಸಿಂಗೂರು ಬಂತು, ನಮ್ಮಲ್ಲೇ ಬ್ಯಾಲಹಳ್ಳಿ ಬಳಿ ಕಾರಂಜಾ ಬಂತು, ಗೋದಾವರಿಗೆ ಪೋಚಂಪಾಡು ಬಂತು. ಆಂಧ್ರ ವಿಶ್ವವಿದ್ಯಾಲಯದ ಹೇಮಾ ಮಾಲಿನಿ, ನಾಗೇಶ್ವರ ರಾವ್ 2004ರಲ್ಲಿ ಲೆಕ್ಕ ಮುಂದಿಟ್ಟರು. 1970ರ ದಶಕದಲ್ಲಿ ಗೋದಾವರಿ ವರ್ಷಕ್ಕೆ ಸುಮಾರು 15 ಕೋಟಿ ಟನ್ ಮಣ್ಣು ಹೊರುತ್ತಿತ್ತು. 1990ರ ದಶಕಕ್ಕೆ ಅದು 6 ಕೋಟಿಗೂ ಕೆಳಗಿಳಿಯಿತು. 1976ರಿಂದ 2001ರೊಳಗೆ ಕಡಲು ತಿಂದ ನೆಲ, ಹೊಸದಾಗಿ ಕೂಡಿದ್ದನ್ನು ಕಳೆದರೂ, ಸುಮಾರು 18 ಚದರ ಕಿಲೋಮೀಟರು. ಎಲ್ಲ ತಪ್ಪೂ ಆಣೆಕಟ್ಟಿನದೇ ಅಂತ ನಾವು ಹೇಳುವುದಿಲ್ಲ. ಮೆತ್ತನೆ ನೆಲ ತಾನಾಗಿಯೂ ಕುಸಿಯುತ್ತದೆ, ಕಡಲ ಮಟ್ಟ ಏರುತ್ತಿದೆ, ಸೀಗಡಿ ಹೊಂಡಕ್ಕಾಗಿ ಕಾಂಡ್ಲಾ ಕಾಡನ್ನೂ ಕಡಿದರು. ಸೀಗಡಿ ದುಡ್ಡು ಯಾರ ಕಿಸೆಗೆ ಹೋಯ್ತು ಅನ್ನೋದು ಬೇರೆ ಕಥೆ.

ಕಾಕಿನಾಡ ಹತ್ತಿರದ ಉಪ್ಪಾಡದಲ್ಲಿ ಮೀನುಗಾರರ ಮನೆಗಳು ನೀರುಪಾಲಾದವು. ಸರ್ಕಾರ ಕಲ್ಲು ಸುರಿಯಿತು, ಮರಳು ತುಂಬಿದ ದೊಡ್ಡ ಚೀಲಗಳ ಗೋಡೆ ಇಟ್ಟಿತು. ಅಲೆ ಅದನ್ನೂ ಹರಿದು ಹಾಕಿತು. ಈ ಕಡೆ 2022ರಲ್ಲಿ ಕಾರಂಜಾ ಸಂತ್ರಸ್ತರು, ನೆಲ ಮುಳುಗಿ ದಶಕಗಳಾದ ಮೇಲೂ, ಪರಿಹಾರಕ್ಕಾಗಿ ಬೀದರದಲ್ಲಿ ಧರಣಿ ಕೂತರು. ಒಬ್ಬರದು ಆಣೆಕಟ್ಟಿನ ನೀರಿಗೆ ಹೋಯ್ತು, ಒಬ್ಬರದು ಕಡಲಿಗೆ. ಎರಡೂ ಫೈಲು ಬೇರೆ ಬೇರೆ ಕಪಾಟಿನಲ್ಲಿವೆ.

ಕಡಲ ದಂಡೆ ಕಾಯಲು 1991ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಉಬ್ಬರದ ಗೆರೆಯಿಂದ ಒಳಗೆ 500 ಮೀಟರು ಅದರ ಸರಹದ್ದು. ನದಿಗುಂಟ ಅಂದರೆ ಉಬ್ಬರದ ನೀರು ಏರುವಷ್ಟು ದೂರ. 2011ರಲ್ಲಿ, 2019ರಲ್ಲಿ ಅದನ್ನು ಬದಲಿಸಿ ಬರೆದರು. ನಿಜಾಮಸಾಗರ, ಸಿಂಗೂರು, ಕಾರಂಜಾ ಒಂದೂ ಆ ಗೆರೆಯೊಳಗೆ ಬರಲಿಲ್ಲ.