ಡೂಮ್‌ನ ನಾಲ್ಕನೇ ಕಂತು: ಏರುಪೇರಿನ ಸೊಗಸು

ಡೂಮ್ ಆಡದವರಿಗೂ ಅದರ ಹೆಸರು ಗೊತ್ತಿರುತ್ತೆ. 1993ರ ಡಿಸೆಂಬರ್ 10ರಂದು ಅಮೆರಿಕದ ಐಡಿ ಸಾಫ್ಟ್‌ವೇರ್ ಹೊರತಂದ ಆಟ. ಮೊದಲ ಕಂತು ಪುಕ್ಕಟೆ, ಇಷ್ಟವಾದರೆ ದುಡ್ಡು ಕಳಿಸಿ ಉಳಿದೆರಡನ್ನು ತರಿಸಿಕೊಳ್ಳಬೇಕು. ಆದರೆ ನಾನು ಹೇಳಹೊರಟಿರೋದು ಅಷ್ಟಾಗಿ ಯಾರೂ ಮಾತಾಡದ ನಾಲ್ಕನೇ ಕಂತಿನ ಬಗ್ಗೆ.

ಅದು ಹುಟ್ಟಿದ್ದೇ ಅಂಗಡಿ ವ್ಯಾಪಾರಕ್ಕೆ. 1994ರಲ್ಲಿ ಡೂಮ್ 2 ಬಂದಾಗಿತ್ತು. ಹಳೇ ಆಟವನ್ನು ಡಬ್ಬಿಯಲ್ಲಿಟ್ಟು ಅಂಗಡಿಯಲ್ಲಿ ಮಾರೋಣ ಅಂತ 1995ರಲ್ಲಿ 'ದಿ ಅಲ್ಟಿಮೇಟ್ ಡೂಮ್' ತಂದರು. ಹೊಸದೇನಾದರೂ ಇರಬೇಕಲ್ಲ, 'ದೈ ಫ್ಲೆಶ್ ಕನ್ಸ್ಯೂಮ್ಡ್' ಅನ್ನೋ ಒಂಬತ್ತು ಲೆವೆಲ್ಲುಗಳ ಕಂತು ಸೇರಿಸಿದರು. ಹಾಡುಗಳೆಲ್ಲ ಹಳೆಯವೇ, ಹೊಸ ರಾಕ್ಷಸರು ಒಬ್ಬರೂ ಇಲ್ಲ. ಲೆವೆಲ್ಲುಗಳೇ ಎಲ್ಲ ಭಾರ ಹೊರಬೇಕು.

ಮೊದಲ ಕಂತು ಹೆಚ್ಚುಕಡಿಮೆ ಜಾನ್ ರೊಮೆರೊ ಒಬ್ಬನ ಕೈಕೆಲಸ, ಅದಕ್ಕೇ ಅದರಲ್ಲೊಂದು ಹದ ಇದೆ. ನಾಲ್ಕನೆಯದು ಹಾಗಲ್ಲ. ರೊಮೆರೊ, ಅಮೆರಿಕನ್ ಮೆಕ್‌ಗೀ, ಶಾನ್ ಗ್ರೀನ್, ಟಿಮ್ ವಿಲಿಟ್ಸ್ ಹಂಚಿಕೊಂಡು ಮಾಡಿದ್ದು. ಜೊತೆಗೆ ಡಾ. ಸ್ಲೀಪ್ ಅನ್ನೋ ಹೆಸರಲ್ಲಿ ಲೆವೆಲ್ ಮಾಡಿ ಹಂಚುತ್ತಿದ್ದ ಅಭಿಮಾನಿ ಜಾನ್ ಆಂಡರ್ಸನ್ನನದೂ ಒಂದು. ಭದ್ರಾವತಿ ನೋಡಿದವರಿಗೆ ಬೇಗ ಅರ್ಥವಾದೀತು. ಹಳೇನಗರದಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ಸುತ್ತಿ ಸುಳಿಯುವ ಗಲ್ಲಿಗಳು, ನ್ಯೂಟೌನ್‌ಗೆ ಬಂದರೆ ಕಾರ್ಖಾನೆಯವರ ಸಾಲು ಕ್ವಾರ್ಟರ್ಸು. ಊರು ಒಂದೇ, ಹಾಕಿದ ಕೈ ಬೇರೆ.

ಮೆಕ್‌ಗೀಯ ಮೊದಲ ಲೆವೆಲ್ 'ಹೆಲ್ ಬಿನೀತ್' ಚಿಕ್ಕದು, ಆದರೆ ಗಾಯಕ್ಕೆ ಒಂದು ಔಷಧಿ ಪೆಟ್ಟಿಗೆಯೂ ಇಡದ ಕಠೋರಿ. ಎರಡನೆಯದು ರೊಮೆರೊನ 'ಪರ್ಫೆಕ್ಟ್ ಹೇಟ್ರೆಡ್'. ಕಾಲಿಡೋಕೆ ಜಾಗವೇ ಕಡಿಮೆ, ಕೆಳಗೆ ಲಾವಾ, ಎಲ್ಲೋ ಒಂದು ಕಡೆ ದೈತ್ಯ ಸೈಬರ್‌ಡೀಮನ್. ಇದನ್ನು ದಾಟಿದವರಿಗೆ ಮೂರನೆಯದು ಉಸಿರು ಬಿಡೋ ಜಾಗ. ಯಾವ ಪಠ್ಯಪುಸ್ತಕ ನೋಡಿದರೂ ಕಷ್ಟ ಮೆಲ್ಲಮೆಲ್ಲನೆ ಏರಬೇಕು ಅಂತಿದೆ, ಇಲ್ಲಿ ಎರಡನೇ ಮೆಟ್ಟಿಲೇ ಬಾಳೆಬರೆಯ ತಿರುವು! ಇನ್ನೊಂದು ತಮಾಷೆ: ಗುಟ್ಟಿನ ಲೆವೆಲ್ 'ಫಿಯರ್'ಗೆ ದಾರಿ ಇರೋದೂ ಈ ಎರಡನೆಯದರಲ್ಲೇ.

ಹೀಗೇಕೆ? ಆ ಹೊತ್ತಿಗೆ ಆಡುವವರು ಒಂದೂವರೆ ವರ್ಷ ಪಳಗಿದ್ದರು. ಹಳಬರು ಈ ಕಂತನ್ನು ಪುಕ್ಕಟೆ ಪ್ಯಾಚ್ ಆಗಿ ಹಾಕಿಕೊಳ್ಳಬಹುದಿತ್ತು, ಅವರನ್ನು ಕೆಣಕೋದೇ ಉದ್ದೇಶ ಅಂತ ನನ್ನ ಅನಿಸಿಕೆ. ಹೊಸಬರ ಪಾಡು ಕೇಳಬೇಡಿ.

ಶಾನ್ ಗ್ರೀನನ ಕೊನೆಯ ಲೆವೆಲ್ ನನಗೆ ಸಪ್ಪೆ. ಮತ್ತದೇ ಸ್ಪೈಡರ್ ಮಾಸ್ಟರ್‌ಮೈಂಡ್, ಎರಡನೆಯದರಷ್ಟೂ ಬೆವರಿಳಿಸೋಲ್ಲ. ಆದರೂ ಮೂರನೇ ಕಂತಿಗಿಂತ ಹೆಚ್ಚು ಸಲ ನಾನು ತೆರೆಯೋದು ಇದನ್ನೇ. ಮುಂದಿನ ಬಾಗಿಲ ಹಿಂದೆ ಯಾರ ಕೈಚಳಕ ಇದೆಯೋ ಅನ್ನೋ ಕುತೂಹಲ ನಯವಾದ ಆಟಗಳಲ್ಲಿ ಸಿಗೋಲ್ಲ.

1997ರ ಕೊನೆಗೆ ಡೂಮ್‌ನ ಸೋರ್ಸ್ ಕೋಡ್ ಬಿಟ್ಟುಕೊಟ್ಟರು. ಹಾಗಾಗಿ ಈಗಿನ ಲ್ಯಾಪ್‌ಟಾಪಲ್ಲೂ ಓಡುತ್ತೆ. 2019ರಲ್ಲಿ ರೊಮೆರೊ ಐದನೇ ಕಂತಿನ ಹಾಗೆ 'ಸಿಜಿಲ್' ಅಂತ ಒಂಬತ್ತು ಲೆವೆಲ್ ಮಾಡಿ ಪುಕ್ಕಟೆ ಕೊಟ್ಟ, ಕಥೆ ಶುರುವಾಗೋದು ನಾಲ್ಕನೆಯದು ಮುಗಿದಲ್ಲಿಂದ. ಆದರೆ ಈ ಸಲ ಲೆವೆಲ್ಲುಗಳೆಲ್ಲ ಅವನೊಬ್ಬನವೇ.