ಮನೆಯ ಗಣಕಯಂತ್ರ ಹಠಾತ್ತನೆ ಆರಿದಾಗ: ಪರೀಕ್ಷೆಯ ಕ್ರಮ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಗಣಕಯಂತ್ರ ಇಂದು ಕೇವಲ ಬರವಣಿಗೆಯ ಸಾಧನವಾಗಿ ಉಳಿದಿಲ್ಲ. ಮಕ್ಕಳ ಪಾಠ, ತೆರಿಗೆಯ ಲೆಕ್ಕ, ಊರಿನ ಜಮೀನಿನ ಪಹಣಿಯ ಪ್ರತಿ, ಮದುವೆ ಮುಂಜಿಗಳ ಭಾವಚಿತ್ರಗಳು, ಹಿರಿಯರು ಟೈಪ್ ಮಾಡಿಟ್ಟ ವಂಶಾವಳಿ, ಸಂಘದ ಸ್ಮರಣ ಸಂಚಿಕೆಯ ಕರಡು ಎಲ್ಲವೂ ಅದರಲ್ಲೇ ಇರುತ್ತವೆ. ಇಂತಹ ಯಂತ್ರ ಕೆಲಸದ ನಡುವೆ ಒಮ್ಮೆಲೇ ಕಪ್ಪಾದರೆ ಮನೆಮಂದಿಗೆ ದಿಗಿಲಾಗುವುದು ಸಹಜ. ಆ ದಿಗಿಲಿನಲ್ಲೇ ಅಂಗಡಿಗೆ ಒಯ್ದರೆ 'ಮದರ್‌ಬೋರ್ಡು ಹೋಗಿದೆ' ಎಂಬ ತೀರ್ಪೋ 'ಫಾರ್ಮ್ಯಾಟ್ ಮಾಡಿಬಿಡೋಣ' ಎಂಬ ಸಲಹೆಯೋ ಸಿಗುವುದುಂಟು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಹಣ ಕೊಟ್ಟರೂ ಮರಳಿ ಬಾರದ ಕಡತಗಳು ಹೋಗಬಹುದು.

ಸಡಿಲವಾದ ತಂತಿ, ದಣಿದ ಯು.ಪಿ.ಎಸ್. ಬ್ಯಾಟರಿ, ಧೂಳು ಕಟ್ಟಿದ ಫ್ಯಾನು ಮುಂತಾದ ಸಣ್ಣ ಕಾರಣಗಳೂ ದೊಡ್ಡ ದೋಷದ ಲಕ್ಷಣವನ್ನೇ ತೋರಿಸುತ್ತವೆ. ಇವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲ. ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ಒಂದೊಂದೇ ವೋಚರು ಹಿಡಿದು ಹುಡುಕುತ್ತೇವೆ. ಇಲ್ಲಿಯೂ ಅದೇ ಕ್ರಮ. ವಿಂಡೋಸ್ 10 ಮತ್ತು 11 ಇರುವ ಮನೆಯ ಯಂತ್ರಗಳನ್ನು ಗಮನದಲ್ಲಿಟ್ಟುಕೊಂಡು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಮೊದಲು ಕಡತಗಳ ರಕ್ಷಣೆ

ಆರಿದ ಯಂತ್ರ ಮತ್ತೆ ಚಾಲೂ ಆದರೆ ತಕ್ಷಣ ಮಾಡಬೇಕಾದದ್ದು ದೋಷದ ಹುಡುಕಾಟವಲ್ಲ, ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸುವ ಕೆಲಸ. ಡಿಸ್ಕಿನ ಮೇಲೆ ಬರೆಯುತ್ತಿರುವಾಗಲೇ ವಿದ್ಯುತ್ತು ಕಡಿದರೆ ಆ ಕಡತ ಕೆಡಬಹುದು. ಮುಂದಿನ ಬಾರಿ ಯಂತ್ರ ಏಳದೆಯೂ ಇರಬಹುದು.

ಕನ್ನಡ ಕಡತಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ 'ನುಡಿ' ಅಥವಾ 'ಬರಹ'ದಲ್ಲಿ ಸಿದ್ಧಪಡಿಸಿದ ಕಡತಗಳು ಆ ತಂತ್ರಾಂಶಗಳ ಅಕ್ಷರಶೈಲಿ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ತೋರುತ್ತವೆ. ಆದ್ದರಿಂದ ಕಡತಗಳ ಜೊತೆ ಆ ಫಾಂಟುಗಳನ್ನೂ ನಕಲಿಸಿಟ್ಟುಕೊಳ್ಳಬೇಕು.

ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ. ಇದಕ್ಕೆ ಬಿಟ್‌ಲಾಕರ್ ವ್ಯವಸ್ಥೆ ಎಂದು ಹೆಸರು. ಮದರ್‌ಬೋರ್ಡು ಬದಲಾದರೆ ಯಂತ್ರ 48 ಅಂಕಿಗಳ ಒಂದು ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕು ಸುಸ್ಥಿತಿಯಲ್ಲಿದ್ದರೂ ಕಡತಗಳು ಕೈಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಈ ಕೀಲಿ ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಸರಿಯಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ಕಿನ ಜೊತೆ ಇಡುವುದು ಜಾಣತನ.

ಯಂತ್ರ ಏಳದಿದ್ದರೂ ಧೈರ್ಯಗೆಡಬೇಕಿಲ್ಲ. ಯಂತ್ರ ಸತ್ತಿತೆಂದರೆ ಡಿಸ್ಕು ಸತ್ತಿತೆಂದು ಅರ್ಥವಲ್ಲ. ಬಿಚ್ಚಲು ಬರುವ ಡಿಸ್ಕಾದರೆ ಅದನ್ನು ಹೊರತೆಗೆದು, ಯು.ಎಸ್.ಬಿ. ಕೇಸಿಗೆ ಹಾಕಿ ಬೇರೆ ಯಂತ್ರದಲ್ಲಿ ಓದಿಸಬಹುದು.

ಆರಿದ್ದು ಪರದೆಯೋ, ಯಂತ್ರವೋ?

ಇಡೀ ಪರೀಕ್ಷೆಗೆ ಈ ಪ್ರಶ್ನೆಯೇ ತಳಹದಿ. ಪರದೆ ಕಪ್ಪಾದ ಕೂಡಲೇ ಪವರ್ ಗುಂಡಿ ಒತ್ತದೆ, ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿರಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎಚ್ಚರವಾಗಿದೆ. ದೋಷವನ್ನು ಪರದೆ, ತಂತಿ ಅಥವಾ ಚಿತ್ರ ಮೂಡಿಸುವ ಭಾಗದಲ್ಲಿ ಹುಡುಕಬೇಕು. ದೀಪವಿಲ್ಲದ ಕೀಲಿಮಣೆಯಾದರೆ, ಕೇಳುತ್ತಿದ್ದ ಹಾಡು ಮುಂದುವರಿದಿದೆಯೇ ಎಂದು ಗಮನಿಸಿದರೂ ಸಾಕು. ಫ್ಯಾನು ತಿರುಗುತ್ತಿದ್ದು ಕೀಲಿಮಣೆ ಸ್ಪಂದಿಸದಿದ್ದರೆ ಯಂತ್ರ ಸ್ತಬ್ಧವಾಗಿದೆ. ಆಗ ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಆರಿಸಬಹುದು. ಫ್ಯಾನು, ದೀಪ ಎಲ್ಲವೂ ಒಟ್ಟಿಗೆ ನಿಂತರೆ ಆರಿದ್ದು ಯಂತ್ರವೇ.

ಜೊತೆಗೆ ಒಂದು ನೋಟುಪುಸ್ತಕ ಇಡಿರಿ. ಯಂತ್ರ ಆರಿದ ದಿನ, ವೇಳೆ, ಚಾಲೂ ಮಾಡಿ ಎಷ್ಟು ಹೊತ್ತಾಗಿತ್ತು, ಯಾವ ಕೆಲಸ ನಡೆದಿತ್ತು, ಅದೇ ಹೊತ್ತಿಗೆ ಮನೆಯಲ್ಲಿ ಮಿಕ್ಸಿಯೋ ಏರ್ ಕಂಡೀಷನರೋ ಓಡುತ್ತಿತ್ತೇ ಎಂಬುದನ್ನು ಬರೆದುಕೊಳ್ಳಿರಿ. ನಾಲ್ಕಾರು ನಮೂದುಗಳಾದ ಮೇಲೆ ಕಾರಣ ತಾನೇ ಗೋಚರಿಸುವುದುಂಟು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಪರದೆ ಮಾತ್ರ ಕಪ್ಪಾದರೆ

ನಿಗದಿತ ನಿಮಿಷ ಸುಮ್ಮನಿದ್ದಾಗಲಷ್ಟೇ ಪರದೆ ಆರಿ, ಮೌಸು ಅಲುಗಾಡಿಸಿದರೆ ಮರಳುವುದಾದರೆ ಅದು ದೋಷವಲ್ಲ. ವಿದ್ಯುತ್ ಉಳಿತಾಯದ ಏರ್ಪಾಡು. ಸೆಟ್ಟಿಂಗ್ಸ್‌ನಲ್ಲಿ ಅವಧಿಯನ್ನು ಹೆಚ್ಚಿಸಿದರಾಯಿತು.

ಹಾಗಲ್ಲದಿದ್ದರೆ ಮಾನಿಟರಿನ ತಂತಿಯ ಎರಡೂ ತುದಿಗಳನ್ನು ಕಳಚಿ ಮತ್ತೆ ಬಿಗಿಯಾಗಿ ಕೂರಿಸಿರಿ. ಹಳೆಯ ವಿ.ಜಿ.ಎ. ತಂತಿಯಾದರೆ ಇಕ್ಕೆಲದ ತಿರುಪುಗಳನ್ನು ಬಿಗಿಗೊಳಿಸಿರಿ. ಬಳಿಕ ಯಂತ್ರವನ್ನು ಎಚ್.ಡಿ.ಎಂ.ಐ. ತಂತಿಯಿಂದ ಮನೆಯ ಟಿ.ವಿ.ಗೆ ಜೋಡಿಸಿರಿ. ಟಿ.ವಿ.ಯಲ್ಲಿ ಚಿತ್ರ ಅಳುಕದೆ ನಿಂತರೆ ಮಾನಿಟರಿನ ಅಥವಾ ಅದರ ತಂತಿಯ ಮೇಲೆ ಸಂಶಯ. ಅಲ್ಲಿಯೂ ಕಪ್ಪಾದರೆ ಯಂತ್ರದ ಗ್ರಾಫಿಕ್ಸ್ ಭಾಗದ ಮೇಲೆ ಸಂಶಯ.

ಲ್ಯಾಪ್‌ಟಾಪಿನಲ್ಲಿ ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚು ಬಿಡಿರಿ. ಚಿತ್ರ ಮಸುಕಾಗಿ ಕಂಡರೆ ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ. ಮುಚ್ಚಳವನ್ನು ಒಂದು ಕೋನಕ್ಕೆ ತಂದಾಗ ಮಾತ್ರ ಚಿತ್ರ ಮಾಯವಾದರೆ ಕೀಲಿನ ಬಳಿ ಹಾದುಹೋಗುವ ತಂತಿ ಸವೆದಿರಬಹುದು.

ಪರದೆ ಕಪ್ಪಾದಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಆರಂಭಗೊಳ್ಳುತ್ತದೆ. ಇದರಿಂದ ಚಿತ್ರ ಮರಳಿದರೆ, ಅಥವಾ ಸೇಫ್ ಮೋಡ್‌ನಲ್ಲಿ ತೊಂದರೆ ಕಾಣದಿದ್ದರೆ, ಡ್ರೈವರನ್ನು ನವೀಕರಿಸಬೇಕು ಇಲ್ಲವೇ ಹಿಂದಿನ ಆವೃತ್ತಿಗೆ ಮರಳಿಸಬೇಕು.

ಯಂತ್ರವೇ ಆರಿದರೆ: ವಿದ್ಯುತ್ತು

ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. ಯಂತ್ರದೊಳಗಿನ ಪವರ್ ಸಪ್ಲೈ ಅದನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. ಈ ಹಾದಿಯ ಪ್ರತಿಯೊಂದು ಜೋಡಣೆಯನ್ನೂ ನೋಡಬೇಕು: ಗೋಡೆಯ ಸಾಕೆಟ್ಟು, ಎಕ್ಸ್‌ಟೆನ್ಷನ್ ಬೋರ್ಡು, ಯು.ಪಿ.ಎಸ್., ಕೊನೆಗೆ ಯಂತ್ರದ ಹಿಂಬದಿಯ ತಂತಿ.

ಯು.ಪಿ.ಎಸ್.ನಲ್ಲಿರುವ ಸೀಸ ಆಮ್ಲದ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ದಣಿಯುತ್ತದೆ. ಗಣಕಯಂತ್ರವನ್ನು ಆರಿಸಿ, ಯು.ಪಿ.ಎಸ್.ಗೆ ಮೇಜಿನ ದೀಪವೊಂದನ್ನು ಜೋಡಿಸಿ ಗೋಡೆಯ ಸ್ವಿಚ್ಚು ಆರಿಸಿ ನೋಡಿರಿ. ದೀಪವೇ ಕ್ಷಣದಲ್ಲಿ ಆರಿದರೆ ಬ್ಯಾಟರಿಯ ಆಯುಷ್ಯ ಮುಗಿದಿದೆ. ಇಲ್ಲವಾದರೆ ಒಂದೆರಡು ದಿನ ಯಂತ್ರವನ್ನು ಯು.ಪಿ.ಎಸ್. ಇಲ್ಲದೆ ನೇರವಾಗಿ ಓಡಿಸಿರಿ. ತೊಂದರೆ ನಿಂತರೆ ಅಪರಾಧಿ ಯು.ಪಿ.ಎಸ್. ಎನ್ನಬಹುದು. 600 ವಿ.ಎ. ಎಂದು ಬರೆದಿರುವ ಮನೆಬಳಕೆಯ ಯು.ಪಿ.ಎಸ್. 600 ವ್ಯಾಟ್ ಕೊಡುವುದಿಲ್ಲ. ಅನೇಕವು 360 ವ್ಯಾಟ್ ಆಸುಪಾಸಿನವು. ಲೇಸರ್ ಮುದ್ರಕವನ್ನು ಅದಕ್ಕೆ ಎಂದೂ ಜೋಡಿಸಬಾರದು.

ಭಾರವಾದ ಆಟ ಅಥವಾ ವಿಡಿಯೋ ಕೆಲಸ ಆರಂಭಿಸಿದೊಡನೆ ಯಂತ್ರ ಆರುವುದಾದರೆ ಪವರ್ ಸಪ್ಲೈ ಸೋಲುತ್ತಿರಬಹುದು. ಅದರ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ, ಅಥವಾ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಕೀಲಿಮಣೆಯನ್ನು ಮೇಲೆತ್ತಿದ್ದರೆ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ.

ಬಿಸಿ ಮತ್ತು ಧೂಳು

ಪ್ರೊಸೆಸರಿನ ಶಾಖ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ ಸುಡುವುದನ್ನು ತಪ್ಪಿಸಲು ಯಂತ್ರ ತಾನೇ ಆರುತ್ತದೆ. ಚಾಲೂ ಮಾಡಿ ಸ್ವಲ್ಪ ಹೊತ್ತಿನ ಬಳಿಕ ಆರುವುದು, ಕೂಡಲೇ ಮತ್ತೆ ಚಾಲೂ ಮಾಡಿದರೆ ಇನ್ನೂ ಬೇಗ ಆರುವುದು ಇದರ ಗುರುತು.

ದೆಹಲಿಯ ಧೂಳು, ಮುಂಬಯಿ ಹಾಗೂ ಚೆನ್ನೈಯ ಕಡಲ ತೇವ ಎರಡೂ ಯಂತ್ರಕ್ಕೆ ಹಿತವಲ್ಲ. ಪ್ಲಗ್ಗು ಕಿತ್ತು, ಡೆಸ್ಕ್‌ಟಾಪಿನ ಪಕ್ಕದ ತಗಡನ್ನು ತೆಗೆದು, ಮೃದು ಬ್ರಶ್ಶು ಮತ್ತು ಗಾಳಿಯೂದುವ ಬ್ಲೋವರಿನಿಂದ ಧೂಳು ತೆಗೆಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಒದ್ದೆ ಬಟ್ಟೆ ಬೇಡ. ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ತಿಳಿದವರಿಂದ ಬದಲಿಸಬೇಕು. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬುಗಳ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ.

ಯಂತ್ರವೇ ಬರೆದಿಟ್ಟ ದಿನಚರಿ

ವಿಂಡೋಸ್‌ನ ಇವೆಂಟ್ ವ್ಯೂವರಿನಲ್ಲಿ, ವಿಂಡೋಸ್ ಲಾಗ್ಸ್ ಅಡಿಯ ಸಿಸ್ಟಮ್ ವಿಭಾಗದಲ್ಲಿ ಯಂತ್ರದ ದಿನಚರಿ ಇರುತ್ತದೆ. ನೋಟುಪುಸ್ತಕದ ವೇಳೆಯನ್ನು ಅದರೊಡನೆ ತಾಳೆ ನೋಡಿರಿ. 1074 ಎಂಬ ಸಂಖ್ಯೆ ಇದ್ದರೆ ಯಂತ್ರವನ್ನು ಯಾವುದೋ ತಂತ್ರಾಂಶ ಅಥವಾ ಬಳಕೆದಾರ ಉದ್ದೇಶಪೂರ್ವಕ ಆರಿಸಿದ್ದಾರೆ; ವಿಂಡೋಸ್ ಅಪ್‌ಡೇಟ್ ಕೂಡ ಹೀಗೆ ಮಾಡುತ್ತದೆ. 6008 ಮತ್ತು ಕರ್ನೆಲ್ ಪವರ್ 41 ಎಂಬವು ಕ್ರಮವಾಗಿ ಮುಚ್ಚದೆ ಯಂತ್ರ ಆರಿತೆಂದು ಹೇಳುತ್ತವೆ. 41 ಎಂಬುದು ಪರಿಣಾಮದ ದಾಖಲೆ, ಕಾರಣದ ದಾಖಲೆಯಲ್ಲ. ಅದನ್ನು ತೋರಿಸಿ ಇಂಥದೇ ಬಿಡಿಭಾಗ ಕೆಟ್ಟಿದೆ ಎಂದು ಯಾರೂ ಹೇಳಲಾಗದು.

ಯಂತ್ರ ಆರುವ ಮುನ್ನ ಬರಹವಿರುವ ನೀಲಿ ಪರದೆ ಮೂಡಿದರೆ ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿರಿ. 2025ರಲ್ಲಿ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣವನ್ನು ಕಪ್ಪಿಗೆ ಬದಲಿಸಲಾಯಿತು. ಆದ್ದರಿಂದ ಕಪ್ಪು ಪರದೆಯಲ್ಲಿ ಅಕ್ಷರಗಳಿವೆಯೇ ಎಂದು ನೋಡುವುದು ಅಗತ್ಯ. ಇಂತಹ ಸಂದೇಶಗಳು ಮರುಕಳಿಸಿದರೆ ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಓಡಿಸಿ ರ‍್ಯಾಮ್ ಪರೀಕ್ಷಿಸಿರಿ.

ತಂತ್ರಾಂಶದಿಂದಲೂ ಹೀಗಾಗುತ್ತದೆ

2003ರ ಆಗಸ್ಟ್‌ನಲ್ಲಿ ಹರಡಿದ ಬ್ಲಾಸ್ಟರ್ ಎಂಬ ಕುತಂತ್ರಾಂಶ ವಿಂಡೋಸ್ ಎಕ್ಸ್‌ಪಿ ಯಂತ್ರಗಳನ್ನು ಅರವತ್ತು ಸೆಕೆಂಡುಗಳ ಎಣಿಕೆ ತೋರಿಸಿ ಆರಿಸುತ್ತಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಎರಡು ಸಂದರ್ಭಗಳಲ್ಲೂ ಬಿಡಿಭಾಗಗಳು ಚೆನ್ನಾಗಿಯೇ ಇದ್ದವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದನ್ನೂ ಆ ಯಂತ್ರವುಳ್ಳವರು ನೆನಪಿಡಬೇಕು.

ಪರದೆ ತುಂಬ ಎಚ್ಚರಿಕೆ ಮೂಡಿ, 'ಈ ಸಂಖ್ಯೆಗೆ ಕರೆ ಮಾಡಿ' ಎಂದರೆ ಅದು ಮೋಸ. ಕರೆ ಮಾಡಬೇಡಿ, ಯಂತ್ರವನ್ನು ಆರಿಸಿರಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ, ನಿಮ್ಮ ಬ್ಯಾಂಕಿಗೂ ದೂರು ಕೊಡಿರಿ.

ಅಂಗಡಿಗೆ ಒಯ್ಯುವಾಗ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್ ಎಲ್ಲೇ ಒಯ್ದರೂ ನೋಟುಪುಸ್ತಕ ಜೊತೆಗಿರಲಿ. 'ಯಂತ್ರ ಸರಿಯಿಲ್ಲ' ಎನ್ನುವ ಬದಲು 'ಟಿ.ವಿ.ಗೆ ಜೋಡಿಸಿದರೆ ಚಿತ್ರ ಬರುತ್ತದೆ' ಎಂದು ಹೇಳುವ ಗ್ರಾಹಕನಿಗೆ ಬೇಡದ ಭಾಗ ಮಾರುವುದು ಸುಲಭವಲ್ಲ.

'ನಮ್ಮ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಕೂಡದು' ಎಂದು ರಸೀದಿಯಲ್ಲೇ ಬರೆಸಿರಿ. ಡಿಸ್ಕಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿರಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬ್ರೌಸರಿನಲ್ಲಿ ಉಳಿಸಿದ ಬ್ಯಾಂಕ್ ಗುಪ್ತಪದಗಳನ್ನು ಅಳಿಸಿ ಕೊಡಿರಿ; ಯಂತ್ರ ಈಗಾಗಲೇ ಏಳದಾಗಿದ್ದರೆ ಬೇರೊಂದು ಯಂತ್ರದಿಂದ ಅವನ್ನು ಬದಲಿಸಿರಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇಲ್ಲಿ ಹೇಳಿದ ಬಹುತೇಕ ಪರೀಕ್ಷೆಗಳಿಗೆ ಖರ್ಚಿಲ್ಲ. ಒಂದು ಭಾನುವಾರದ ಬಿಡುವು ಸಾಕು. ಯಂತ್ರ ಸುಸ್ಥಿತಿಯಲ್ಲಿರುವ ಮನೆಗಳವರು ಆ ಬಿಡುವಿನಲ್ಲಿ ಕಡತಗಳ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಮನೆಯಲ್ಲೂ ಇನ್ನೊಂದನ್ನು ಬಂಧುಗಳ ಮನೆಯಲ್ಲೂ ಇಡಬೇಕೆಂದು ವಿನಂತಿಸುತ್ತೇವೆ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಅಜ್ಜನವರು ಟೈಪ್ ಮಾಡಿಟ್ಟ ವಂಶಾವಳಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.