ಕೊಡಗಿನ ಕ್ರೈಸ್ತರ ಮನೆಪ್ರಾರ್ಥನೆ

ಕೊಡಗಿನ ಕ್ರೈಸ್ತ ಕುಟುಂಬಗಳು ದೇವರ ಮೇಲೆ ಭಾರ ಹಾಕಿ ಬದುಕುವ ಬಗೆ ಚೆನ್ನಾಗಿ ಕಾಣುವುದು ಮನೆಪ್ರಾರ್ಥನೆಯಲ್ಲಿ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕಥೊಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಮೂಲ 1792ರಷ್ಟು ಹಿಂದಿನದು. ಈ ಕಥೊಲಿಕರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರೂ ಮಂಡಿಯೂರಿ ಜಪಸರ ಹೇಳುವ ರೂಢಿಯಿದೆ. ಮುಗಿದೊಡನೆ ಮಕ್ಕಳು ಕೈಮುಗಿದು ಹಿರಿಯರ ಆಶೀರ್ವಾದ ಬೇಡುತ್ತಾರೆ.

ಪ್ರೊಟೆಸ್ಟೆಂಟರಲ್ಲಿ ಸತ್ಯವೇದದ ಓದಿಗೇ ಮೊದಲ ಸ್ಥಾನ. ‘ಮಂಗಳೂರ ಸಮಾಚಾರ’ ಪತ್ರಿಕೆಯ ಸಂಪಾದಕರಾಗಿದ್ದ ಮಿಷನರಿ ಹರ್ಮನ್ ಮೊಗ್ಲಿಂಗ್, ಕ್ರೈಸ್ತರಾಗಿದ್ದ ಕೊಡವ ಸೋಮಯ್ಯನವರೊಂದಿಗೆ 1853ರಲ್ಲಿ ಕೊಡಗಿಗೆ ಬಂದರು. ಮುಂದೆ ಆನಂದಪುರದಲ್ಲಿ ದಲಿತ ಕುಟುಂಬಗಳ ಕ್ರೈಸ್ತ ನೆಲೆ ಹುಟ್ಟಿತು. ಅಕ್ಷರದಿಂದ ದೂರವಿಟ್ಟಿದ್ದ ಜನರ ಕೈಗೆ ಕನ್ನಡದ ಧರ್ಮಗ್ರಂಥವೇ ಬಂದದ್ದು ಈ ಚರಿತ್ರೆಯ ಅತಿ ದೊಡ್ಡ ಸಂಗತಿ. ಈ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಕಾಯಿಲೆ, ಸಾವು, ಸುರಿಮಳೆಯ ದಿನಗಳಲ್ಲಿ ಸತ್ಯವೇದದ ಕೀರ್ತನೆಗಳ ಭಾಗವನ್ನೇ ಹೆಚ್ಚು ಓದುತ್ತಾರೆ.